ಸೊಸೆಯ ಮದುವೆಗೆ ಫೋಟೋದವರು

ಬಿಳಿ ಛತ್ರಿ, ಅದೂ ಕೋಣೆಯೊಳಗೆ, ಮಳೆಯಿಲ್ಲ ಬಿಸಿಲಿಲ್ಲ, ಆದರೂ ಬಿಚ್ಚಿಕೊಂಡು ನಿಂತಿದೆ, ಅದರ ಹೊಟ್ಟೆಯೊಳಗೆ ಒಂದು ದೀಪ ಬೇರೆ, ಎಷ್ಟು ದೊಡ್ಡ ಛತ್ರಿಯಪ್ಪಾ, ಸಂಸಾರ ಸಮೇತ ನಿಲ್ಲಬಹುದು — ಕಂಡಕ್ಟರಮ್ಮ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಾಳೆ, ಬಸ್ಸಿನ ಕೆಲಸದಿಂದ ನಿವೃತ್ತಳಾಗಿ ಎಷ್ಟೋ ಕಾಲವಾದರೂ ಬೀದಿಯವರ ಬಾಯಲ್ಲಿ ಅವಳಿನ್ನೂ ಕಂಡಕ್ಟರಮ್ಮನೇ, ಕೈ ಕಂಬಿ ಬಿಟ್ಟರೂ ಹೆಸರು ಬೆನ್ನು ಬಿಡಲಿಲ್ಲ, ಇರಲಿ, ಅನ್ನ ಕೊಟ್ಟ ಹೆಸರು — ಗೋಡೆಗೆ ಇಳಿಬಿಟ್ಟ ಪರದೆಯಲ್ಲಿ ನೀಲಿ ಆಕಾಶ, ಮೋಡದ ನಡುವೆ ಮಡಿಕೆಯ ಗೆರೆ, ಒಂದು ಇಸ್ತ್ರಿ ಹಾಕಬಾರದಿತ್ತೇ, ಪಕ್ಕದಲ್ಲಿ ಸೊಸೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಯಾರದೋ ಮದುವೆಯ ಆಲ್ಬಮ್ ತಿರುವುತ್ತಿದ್ದಾಳೆ, ಇದು ನಾಲ್ಕನೆಯ ಸ್ಟುಡಿಯೋ, ಮದುವೆ ಹತ್ತಿರ ಬಂತು, ಎಲ್ಲರೂ ಗೊತ್ತಾದರು, ಫೋಟೋದವರು ಮಾತ್ರ ಗೊತ್ತಾಗಲಿಲ್ಲ. ಯಾರ ಮದುವೆ ಎಂದು ಹೋದಲ್ಲೆಲ್ಲ ಕೇಳುತ್ತಾರೆ, ಸೊಸೆಯದು ಎನ್ನುತ್ತಾಳೆ, ಕೇಳಿದವರು ತಮ್ಮ ಕಿವಿಯನ್ನೇ ಅನುಮಾನಿಸಿ ಮತ್ತೊಮ್ಮೆ ಕೇಳುತ್ತಾರೆ, ಹೌದು ಸ್ವಾಮಿ ಸೊಸೆಯದೇ, ಮಗ ಹೋದ, ಸೊಸೆ ಉಳಿದಳು, ಉಳಿದವಳಿಗೆ ಮದುವೆ ಮಾಡ್ತಿದೀನಿ, ಟಿಕೆಟ್ ಹರಿದು ಕೊಟ್ಟಷ್ಟು ಸಲೀಸಾಗಿ ಹೇಳಿಬಿಡುತ್ತಾಳೆ ಈಗ, ಮೊದಮೊದಲು ನಾಲಿಗೆ ತಡವರಿಸುತ್ತಿತ್ತು.

ಹುಡುಗನನ್ನು ಗೊತ್ತು ಮಾಡಿದ್ದೂ ಅವಳೇ, ಕನ್ನಡಕದ ಕಡ್ಡಿ ಮುರಿದು ಅಂಗಡಿಗೆ ಹೋದವಳು ಗಂಡು ನೋಡಿಕೊಂಡು ಬಂದೆ ಎಂದು ಅವಳೇ ಹೇಳಿ ನಗುತ್ತಾಳೆ, ಕನ್ನಡಕದಂಗಡಿಯವನು ಮೆಲುಮಾತಿನವನು, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವಾಗ ಉಸಿರು ಹಿಡಿದುಕೊಳ್ಳುತ್ತಾನೆ, ತನ್ನ ಉಸಿರು ಎದುರಿನವರ ಮುಖಕ್ಕೆ ತಾಗಬಾರದೆಂದು, ಅಷ್ಟೇ ಸಾಕಾಗಿತ್ತು ಅವಳಿಗೆ, ಉಳಿದಿದ್ದನ್ನು ವಿಚಾರಿಸಿದ್ದು ಬರೀ ಶಾಸ್ತ್ರಕ್ಕೆ. ಆಮೇಲೆ ಸಭಾಂಗಣ, ಅಲ್ಲಿಯ ಮೇಲ್ವಿಚಾರಕ ಮೊದಲು ಹೂವಿನ ಕಮಾನು ತೋರಿಸಲು ಹೊರಟ, ಕಮಾನು ಆಮೇಲೆ ನೋಡೋಣ, ಹೆಂಗಸರ ಶೌಚಾಲಯ ಎಲ್ಲಿ ತೋರಿಸಪ್ಪ ಎಂದಳು, ದಿನವಿಡೀ ಬಸ್ಸಿನಲ್ಲಿ ನಿಂತವಳಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ, ಅವನು ನಗಲಿಲ್ಲ, ಚಿಲಕ ಹಾಕಿ ತೆಗೆದು ತೋರಿಸಿದ, ಯಾರ ಮದುವೆ ಎಂದು ತಿಳಿದ ಮೇಲೆ ಹೋಗಿ ಇಡೀ ಸಭಾಂಗಣದ ದೀಪಗಳನ್ನೆಲ್ಲ ಹಾಕಿದ, ನಿಂತು ನೋಡಿ ಅಮ್ಮ, ನಿಧಾನಕ್ಕೆ ನೋಡಿ — ಎಷ್ಟು ಜನ ಒಳ್ಳೆಯವರಿದ್ದಾರೆ, ಹುಡುಕದೆ ಸಿಗುತ್ತಾರೆ. ಅಡುಗೆಯವರಲ್ಲಿ ಮೊದಲು ಬಂದವನು ಏನು ಕೇಳಿದರೂ ಆಗುತ್ತೆ ಆಗುತ್ತೆ ಎಂದ, ಎರಡನೆಯವಳು ಸೌಟು ಕೆಳಗಿಟ್ಟು, ಇಷ್ಟು ಬಗೆ ಮಾಡೋಕೆ ನನ್ನ ಕೈಲಾಗಲ್ಲ, ಕಮ್ಮಿ ಮಾಡ್ತೀನಿ, ಬಿಸಿಬಿಸಿ ಬಡಿಸ್ತೀನಿ ಎಂದಳು, ಆಗುವುದಿಲ್ಲ ಎಂದವಳನ್ನೇ ಕಂಡಕ್ಟರಮ್ಮ ಗೊತ್ತು ಮಾಡಿದಳು, ಹೂವಿನವನು ತನ್ನ ಅಂಗಡಿಯ ಅತಿ ಚೆಂದದ ಹೂವನ್ನು ತಾನೇ ಬೇಡವೆಂದ, ಮಧ್ಯಾಹ್ನದ ಹೊತ್ತಿಗೆ ತಲೆ ಬಾಗಿಸ್ತಾವೆ, ನಿಮಗೆ ಬೇಜಾರಾಗುತ್ತೆ ಎಂದು, ಅವನನ್ನೂ ಬಿಡಲಿಲ್ಲ. ಇಷ್ಟಕ್ಕೂ ಸೊಸೆ ಸರಿ ಅತ್ತೆ ಎಂದಳು, ಸಭಾಂಗಣಕ್ಕೆ ಸರಿ ಅತ್ತೆ, ಊಟಕ್ಕೆ ಸರಿ ಅತ್ತೆ, ಹೂವಿಗೆ ತಲೆಯೆತ್ತಿಯೂ ನೋಡದೆ ಸರಿ ಅತ್ತೆ, ಫೋಟೋದವರ ವಿಷಯಕ್ಕೆ ಬಂದಾಗ ಮಾತ್ರ ಇವರು ಬೇಡ, ಇವರೂ ಬೇಡ, ಬನ್ನಿ ಹೋಗೋಣ. ಯಾಕೆ ಎಂದರೆ ಸರಿ ಬರ್ಲಿಲ್ಲ, ಅಷ್ಟೇ. ಅಲ್ಲಿಂದಲೇ ಶುರುವಾಗಿದ್ದು ಕಂಡಕ್ಟರಮ್ಮನ ಅನುಮಾನ, ಹುಡುಗಿಗೆ ಈ ಮದುವೆಯೇ ಬೇಡವೇನೋ, ನನ್ನ ಬಲವಂತಕ್ಕೆ ತಲೆಯಾಡಿಸಿ ಈಗ ಬಾಗಿಲ ಹತ್ತಿರ ಬಂದು ಕಾಲು ಎಳೆಯುತ್ತಿದ್ದಾಳೇನೋ, ಬಾಯಿಬಿಟ್ಟು ಹೇಳಲಾರದೆ ಫೋಟೋದವರ ನೆಪ ಹಿಡಿದಿದ್ದಾಳೇನೋ.

ಹೇಳುವ ಹುಡುಗಿಯಲ್ಲವಲ್ಲ ಅವಳು, ಮಾಡುವ ಹುಡುಗಿ, ಮಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ನಿಂತ ಹಾಗೆಯೇ ಕುಸಿದ, ನಲ್ಲಿ ಹರಿಯುತ್ತಲೇ ಇತ್ತು, ಆಮೇಲೆ ಬಂದವರೆಲ್ಲ ಬಂದರು ಹೋದರು, ಅಪ್ಪ ಅಮ್ಮ ಇಲ್ಲದ ಸೊಸೆಯನ್ನು ಸಾಕಿದ ಚಿಕ್ಕಪ್ಪ ಬಂದು ನಡಿ ಮಗಳೇ ನಮ್ಮನೆಗೆ ಎಂದಾಗ ಅವಳು ಅಂದಿದ್ದು ಒಂದೇ ಮಾತು, ಅತ್ತೆ ಊಟ ಮಾಡೋದು ಕಲೀಲಿ, ಆಮೇಲೆ ಬರ್ತೀನಿ — ಊಟ ಮಾಡುವುದನ್ನು ಕಲಿಯಬೇಕಾಗಿತ್ತು ನಿಜ, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಎದುರಿಗೆ ಸೊಸೆ ತನ್ನ ತಟ್ಟೆ ಮುಟ್ಟದೆ ಕೂತಿರುತ್ತಿದ್ದಳು, ಬಾಯಿಮಾತಿನ ಬಲವಂತವಿಲ್ಲ, ಅಳುವಿಲ್ಲ, ನೀವು ತಿಂದರೆ ನಾನು ತಿನ್ನುತ್ತೇನೆ ಎಂಬ ಮೊಂಡು ಹಟ, ಕೊನೆಗೆ ಈ ಎಳೆಯದನ್ನು ಉಪವಾಸ ಕೆಡವಬಾರದೆಂದು ಒಂದು ತುತ್ತು, ಮರುದಿನ ಎರಡು, ಕಲಿತಳು ಕಂಡಕ್ಟರಮ್ಮ, ಚೆನ್ನಾಗಿಯೇ ಕಲಿತಳು, ಈಗ ಸ್ವೆಟರಿನ ಗುಂಡಿ ಹಾಕಲು ಬರುವುದಿಲ್ಲ, ಸೊಸೆ ಮಾತ್ರ ಹೋಗಲಿಲ್ಲ, ಹೋಗುವ ಮಾತನ್ನೇ ಎತ್ತಲಿಲ್ಲ. ಆ ಋಣ, ಅದನ್ನು ಹೇಗೆ ತೀರಿಸುವುದು, ತೀರಿಸುವಂಥದ್ದೇ ಅಲ್ಲ, ಹೆತ್ತ ಮಗನನ್ನು ಕಳೆದುಕೊಂಡವಳಿಗೆ ಹೊಸದಾಗಿ ಅನ್ನ ತಿನ್ನಿಸಿದವಳು, ಅವಳಿಗೊಂದು ಒಳ್ಳೆಯ ಮದುವೆ ಮಾಡಿ ಎತ್ತರದ ಸೀಟು ನೋಡಿ ಕೂರಿಸಿ ರೈಟ್ ಹೇಳಿ ತಾನು ಇಳಿದುಬಿಡಬೇಕು, ಅದೇ ಲೆಕ್ಕ ಕಂಡಕ್ಟರಮ್ಮನದು, ತಂಗಿ ಹೇಳಿದ್ದೂ ಅದನ್ನೇ, ಮದುವೆ ಮಾಡು ಅಕ್ಕ, ಬೇಡ ಅನ್ನಲ್ಲ, ಆದ್ರೆ ಫೋಟೋದಲ್ಲಿ ಮಾತ್ರ ನಿಲ್ಲಬೇಡ, ನಾಳೆ ಅವಳ ಮನೆ ಗೋಡೆ ಮೇಲೆ ನಿನ್ನ ಮುಖ ಇದ್ರೆ ನೋಡಿದೋರು ಇದ್ಯಾರು ಅಂತಾರೆ, ಏನಂತ ಹೇಳ್ತಾಳೆ ಪಾಪ, ಹಳೇ ಗಂಡನ ತಾಯಿ ಅಂತ ಹೇಳ್ತಾಳಾ. ತಂಗಿ ಕೆಟ್ಟವಳಲ್ಲ, ನೆಟ್ಟಗೆ ಮಾತಾಡುವವಳು, ಅವತ್ತೇ ಕಂಡಕ್ಟರಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿದಳು, ಮದುವೆಯ ದಿನ ಅಡುಗೆಮನೆಯ ಕಡೆ ಇರುವುದು, ಬಡಿಸುವವರನ್ನು ನೋಡಿಕೊಳ್ಳುವುದು, ಫೋಟೋ ಹೊತ್ತಿಗೆ ಏನಾದರೂ ಕೆಲಸ ಹಚ್ಚಿಕೊಳ್ಳುವುದು, ಆಮೇಲೆ ಮೆಲ್ಲಗೆ ಹೋಗಿಬರುವುದನ್ನೂ ಕಡಿಮೆ ಮಾಡುವುದು. ಇದನ್ನು ಸೊಸೆಗೆ ಹೇಳಿರಲಿಲ್ಲ.

ಮೊದಲನೆಯ ಸ್ಟುಡಿಯೋದವನು ಒಳ್ಳೆಯವನೇ, ಒಂದು ಫೋಟೋ ತೆಗೆದು ತೋರಿಸಿ ಎಂದು ಸೊಸೆ ಕೇಳಿದ ತಕ್ಷಣ ಕ್ಯಾಮೆರಾ ಎತ್ತಿದ, ಅಮ್ಮ ನೀವು ಸ್ವಲ್ಪ ಈಚೆ ಬನ್ನಿ, ಹುಡುಗಿ ಒಬ್ಬಳೇ ಇರ್ಲಿ ಎಂದ, ಕಂಡಕ್ಟರಮ್ಮ ಟಕ್ಕನೆ ಸರಿದಳು, ಮುಂದಕ್ಕೆ ಹೋಗಿ ಮುಂದಕ್ಕೆ ಹೋಗಿ ಎಂದು ಜೀವಮಾನವಿಡೀ ಜನರನ್ನು ಸರಿಸಿದವಳಿಗೆ ಸರಿಯುವುದೇನು ಕಷ್ಟ, ಸೊಸೆ ಬೇಡವೆಂದಳು. ಎರಡನೆಯವನು ತೆಗೆದ ಫೋಟೋದಲ್ಲಿ ಸೊಸೆ ಎಷ್ಟು ಮುದ್ದಾಗಿದ್ದಳು, ರೆಪ್ಪೆಕೂದಲು ಎಣಿಸಬಹುದಿತ್ತು, ಪಕ್ಕದಲ್ಲಿ ಮಂಜು ಕವಿದ ಹಾಗೆ ಏನೋ ಬೂದು ಬಣ್ಣ, ಅದು ನನ್ನ ಭುಜ ಎಂದು ಗುರುತು ಹಿಡಿದು ಕಂಡಕ್ಟರಮ್ಮನಿಗೆ ನಗು ಬಂತು, ಸೊಸೆ ನಗಲಿಲ್ಲ, ಬೇಡವೆಂದಳು. ಮೂರನೆಯವನಂತೂ ಜಾದೂಗಾರ, ಇಬ್ಬರನ್ನೂ ತೆಗೆದ, ಕಂಪ್ಯೂಟರಿನ ಮುಂದೆ ಕೂರಿಸಿಕೊಂಡ, ನೋಡ್ತಾ ಇರಿ ಎಂದ, ಟಕಟಕ ಏನೋ ಒತ್ತಿದ, ಕಂಡಕ್ಟರಮ್ಮ ಕಣ್ಣೆದುರಿಗೇ ಮಾಯವಾದಳು, ಅವಳು ನಿಂತಿದ್ದ ಜಾಗದಲ್ಲಿ ಒಂದು ಹೂಕುಂಡ ಬಂದು ಕೂತಿತು, ಎಷ್ಟು ನೀಟಾಗಿ ಅಂತೀಯ, ಗೆರೆಯಿಲ್ಲ ಕಲೆಯಿಲ್ಲ, ಅವಳು ಬಾಯಿ ತೆರೆದು ಹೊಗಳುತ್ತಲೇ ಇದ್ದಳು, ಇಂಥವನೇ ಬೇಕು, ಬೇಡದ್ದನ್ನೆಲ್ಲ ತೆಗೆದುಹಾಕುತ್ತಾನೆ, ಅಷ್ಟರಲ್ಲಿ ಸೊಸೆ ಎದ್ದು ಬಾಗಿಲ ಹತ್ತಿರ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಮುಖ ಕೆಂಪಗಾಗಿತ್ತು, ಅವತ್ತು ಕಂಡಕ್ಟರಮ್ಮನಿಗೆ ಖಾತ್ರಿಯಾಯಿತು, ಇವಳಿಗೆ ಮದುವೆ ಬೇಡ, ಹಾಗೆ ಸುಖವಾಗಿ ನಿಂತ ತನ್ನ ಫೋಟೋ ನೋಡುವುದಕ್ಕೇ ಇವಳಿಗೆ ಆಗುತ್ತಿಲ್ಲ, ಇನ್ನೂ ಅವನೇ ಇದ್ದಾನೆ ಒಳಗೆ, ನನ್ನ ಮಗನೇ ಇದ್ದಾನೆ. ಇವತ್ತೂ ಬೇಡವೆಂದರೆ ಕೇಳಿಬಿಡಬೇಕು, ಮದುವೆಯೇ ಬೇಡವೇನಮ್ಮ ಎಂದು, ಹೌದು ಎಂದರೆ ಸಭಾಂಗಣದವನಿಗೆ ಅಡುಗೆಯವಳಿಗೆ ಹೂವಿನವನಿಗೆ ಹೋಗಿ ತಾನೇ ಕೈಮುಗಿಯಬೇಕು, ಕನ್ನಡಕದಂಗಡಿಯವನಿಗೆ ಏನು ಹೇಳುವುದು, ಅವನು ಮತ್ತೆ ಉಸಿರು ಹಿಡಿದುಕೊಂಡು ಕೇಳಿಸಿಕೊಳ್ಳುತ್ತಾನೆ.

ಫೋಟೋದವಳು ಒಳಗಿನಿಂದ ಬಂದಳು, ಇಲ್ಲಿ ಹೆಂಗಸು, ದಪ್ಪ ಜಡೆ, ಕತ್ತಿನಲ್ಲಿ ಕ್ಯಾಮೆರಾ, ಹೆಬ್ಬೆರಳಿಗೆ ಬ್ಯಾಂಡೇಜು, ಗುನುಗುತ್ತಲೇ ಕೆಲಸ ಮಾಡುತ್ತಾಳೆ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದವಳೇ ಇವರಿಗಿಂತ ಮೊದಲು ತಾನು ಕೂತಳು, ಯಾವತ್ತು, ಎಲ್ಲಿ, ಎಷ್ಟು ಜನ, ಕೇಳಬೇಕಾದ್ದನ್ನು ಕೇಳಿದಳು, ಹುಡುಗನ ಮುಖದ ಬಗ್ಗೆ ಏನಾದ್ರೂ ಹೇಳೋದಿದ್ಯಾ, ಕೆಲವರಿಗೆ ಒಂದು ಕಡೆಯಿಂದ ತೆಗೆದ್ರೆ ಹಿಡಿಸಲ್ಲ — ಎಡಗಡೆಯಿಂದ ತೆಗೀರಿ, ಕಂಡಕ್ಟರಮ್ಮ ಥಟ್ಟನೆ ಹೇಳುತ್ತಿದ್ದಾಳೆ, ಬಲಗಡೆ ಹುಬ್ಬಿನ ಮೇಲೆ ಗಾಯದ ಗೆರೆ ಇದೆ, ಚಿಕ್ಕವನಿದ್ದಾಗ ನನ್ನ ಬಸ್ಸಿನ ಮೆಟ್ಟಿಲಿಂದಲೇ ಬಿದ್ದಿದ್ದು, ನಕ್ಕರೆ ಅದು ಮೇಲಕ್ಕೆ ಹೋಗುತ್ತೆ, ಅವನಿಗೆ ಮುಜುಗರ, ಯಾವಾಗ್ಲೂ ಬೆರಳಲ್ಲಿ ಮುಚ್ಚಿಕೊಳ್ತಾನೆ, ಹೇಳುತ್ತ ಹೇಳುತ್ತ ತನ್ನದೇ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಾಳೆ, ಬೆರಳು ಅಲ್ಲಿಯೇ ನಿಂತಿತು. ಕನ್ನಡಕದಂಗಡಿಯವನ ಹುಬ್ಬು ನುಣ್ಣಗಿದೆ, ದಟ್ಟಗಿದೆ, ಒಂದು ಗೆರೆಯಿಲ್ಲ, ಅಯ್ಯೋ ಏನು ಮಾಡಿಬಿಟ್ಟೆ, ಯಾರನ್ನು ಕರೆತಂದು ಈ ಮೋಡದ ಪರದೆಯ ಮುಂದೆ ನಿಲ್ಲಿಸಿದೆ, ಸೊಸೆಯ ಕಡೆ ನೋಡಲು ಧೈರ್ಯವಿಲ್ಲ, ಫೋಟೋದವಳ ಗುನುಗು ನಿಂತಿದೆ, ಸೊಸೆಯ ಧ್ವನಿ, ಮೆಲ್ಲಗೆ, ಅದು ಅವರ ಹುಬ್ಬು ಅತ್ತೆ. ಆಮೇಲೆ ಫೋಟೋದವಳಿಗೆ, ನೀರು ಬೇಕೇ ಎಂದು ಕೇಳುವಷ್ಟು ಸಹಜವಾಗಿ, ನನ್ನ ಮೊದಲನೇ ಗಂಡ, ಇವರ ಮಗ, ಈಗ ಇಲ್ಲ, ಈ ಮದುವೆ ಮಾಡ್ತಿರೋದು ಇವರೇ. ಫೋಟೋದವಳು ಲೊಚಗುಟ್ಟಲಿಲ್ಲ, ಕಂಡಕ್ಟರಮ್ಮನನ್ನು ಒಮ್ಮೆ ನೋಡಿದಳು, ಸೊಸೆಯನ್ನು ಒಮ್ಮೆ ನೋಡಿದಳು, ಹಾಗಾದ್ರೆ ಮನೆಯವರು ಇಬ್ಬರೂ ಇಲ್ಲೇ ಇದೀರ, ಎದ್ದೇಳಿ ಒಂದು ತೆಗೆದು ತೋರಿಸ್ತೀನಿ ಎಂದು ಛತ್ರಿಯ ದೀಪ ಹೊತ್ತಿಸಿದಳು.

ನಿಂತರು, ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಈಗ ಈಚೆ ಬನ್ನಿ ಎನ್ನುತ್ತಾಳೆ, ಹೇಳಿಸಿಕೊಳ್ಳುವುದೇಕೆ ಎಂದು ಕಂಡಕ್ಟರಮ್ಮ ತಾನಾಗಿಯೇ ಭುಜ ತಿರುಗಿಸಿದಳು, ಕ್ಲಿಕ್, ಆಗಿಹೋಯಿತು, ಫೋಟೋದವಳು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸುತ್ತಾಳೆ, ಕಂಡಕ್ಟರಮ್ಮ ಕನ್ನಡಕ ಮೂಗಿಗೇರಿಸಿ ನೋಡುತ್ತಾಳೆ, ಒಬ್ಬ ದಪ್ಪ ಹೆಂಗಸು, ಸ್ಟಾಪ್ ಬಂದವಳ ಹಾಗೆ ಅರ್ಧ ತಿರುಗಿದ್ದಾಳೆ, ಒಂದು ಕಾಲು ಆಗಲೇ ಚೌಕಟ್ಟಿನ ಅಂಚಿನಲ್ಲಿದೆ, ಪಕ್ಕದಲ್ಲಿ ಸೊಸೆ ನೆಟ್ಟಗೆ ನಿಂತು ನೇರವಾಗಿ ನೋಡುತ್ತ ನಗುತ್ತಿದ್ದಾಳೆ, ಏನೂ ಆಗದವಳ ಹಾಗೆ, ಮತ್ತೆ ಕೆಳಗೆ, ಇಬ್ಬರ ನಡುವೆ, ಅದೇನದು — ಸೊಸೆಯ ಕೈ, ಹೆಂಗಸಿನ ಸ್ವೆಟರಿನ ತೋಳನ್ನು ಮುಷ್ಟಿಯಲ್ಲಿ ಹಿಡಿದಿದೆ, ಗಟ್ಟಿಯಾಗಿ, ಗೆಣ್ಣುಗಳು ಬೆಳ್ಳಗಾಗುವಷ್ಟು, ಉಣ್ಣೆ ಜಗ್ಗಿ ಉದ್ದವಾಗಿದೆ. ನನಗೆ ಗೊತ್ತೇ ಆಗಲಿಲ್ಲವಲ್ಲ, ದಪ್ಪ ಉಣ್ಣೆ, ತಿಳಿಯಲಿಲ್ಲ, ಆ ಸ್ಟುಡಿಯೋಗಳಲ್ಲಿಯೂ ಹಿಡಿದಿದ್ದಳೇ, ಈಚೆ ಬನ್ನಿ ಎಂದಾಗಲೂ, ಮಂಜಿನೊಳಗೂ, ಹೂಕುಂಡ ತಂದಿಟ್ಟವನು ಈ ಕೈಯನ್ನು ಏನು ಮಾಡಿದ, ಅದಕ್ಕೇ ಬೇಡವೆಂದಳೇ, ಮದುವೆಯಲ್ಲ ಅವಳಿಗೆ ಬೇಡವಾಗಿದ್ದು, ದೇವರೇ, ಮದುವೆಯಲ್ಲ. ಇವರನ್ನೇ ಗೊತ್ತು ಮಾಡೋಣ ಅತ್ತೆ, ಸೊಸೆ ಹೇಳುತ್ತಿದ್ದಾಳೆ, ಅವತ್ತು ನೀವು ಅಡುಗೆಮನೆ ಕಡೆ ಹೋದ್ರೆ ನಾನೂ ಅಲ್ಲಿಗೇ ಬರ್ತೀನಿ, ಇವರೂ ಕ್ಯಾಮೆರಾ ತಗೊಂಡು ಅಲ್ಲಿಗೇ ಬರ್ಲಿ. ಹೇಳಿರಲಿಲ್ಲವಲ್ಲ ನಾನು, ಹೇಗೆ ತಿಳಿಯಿತು ಇವಳಿಗೆ, ಸರಿ ಎನ್ನಬೇಕು, ಸರಿಯಮ್ಮ ಎನ್ನುತ್ತಾಳೆ, ಮುಂಗಡ ಕೊಡಬೇಕು, ಮದುವೆ ದಿನದ ಕಾರಿನವನಿಗೆ ಹೊತ್ತು ತಿಳಿಸಬೇಕು, ತಂಗಿಗೆ ಹೇಳಬೇಕು, ಗೋಡೆ ನೋಡಿ ಇದ್ಯಾರು ಎಂದು ಕೇಳಿದವರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನೋಡಿದರೆ ಸಾಕು, ಆ ಕೈ ನೋಡಿದರೆ — ಕುರ್ಚಿಗಳು ಸಾಲುತ್ತವೋ ಇಲ್ಲವೋ, ಹೂವಿನವನು ಬೆಳಿಗ್ಗೆಯೇ ಬರುತ್ತಾನಂತೆ, ಕನ್ನಡಕದಂಗಡಿಯವನೂ ಈ ಕಡೆ ನಿಲ್ಲಲಿ, ಅವನಿಗೂ ಜಾಗವಿದೆ, ಇನ್ನೊಂದು ಕೈ ಖಾಲಿಯಿದೆಯಲ್ಲ, ಈ ಕೈ ಮಾತ್ರ — ಏನು ಯೋಚಿಸುತ್ತಿದ್ದೆ, ಕಾರಿನವನು, ಹೌದು, ಕಾರಿನವನಿಗೆ — ಬಿಳಿಚಿದ ಗೆಣ್ಣುಗಳು, ಜಗ್ಗಿದ ಉಣ್ಣೆ, ಫೋಟೋ ಮುಗಿದು ಎಷ್ಟು ಹೊತ್ತಾಯಿತು, ಕಂಡಕ್ಟರಮ್ಮ ಪರದೆಯಿಂದ ಕಣ್ಣು ತೆಗೆದು ತನ್ನ ತೋಳಿನ ಕಡೆ ನೋಡುತ್ತಾಳೆ, ಸೊಸೆ ಫೋಟೋದವಳ ಜೊತೆ ಮಾತಾಡುತ್ತಲೇ ಇದ್ದಾಳೆ, ಮುಷ್ಟಿ ಅಲ್ಲಿಯೇ ಇದೆ, ಬಿಟ್ಟಿಲ್ಲ.