ಮನೆ ನೋಡಲು ಬಂದವರು

"ಇನ್ನೊಂದು ಕೋಟ್ ಹೊಡೆದ್ರೆ ಅಂಗೈ ಇಟ್ರೂ ಜಾರಬೇಕು, ಹಾಗಾಗುತ್ತೆ ನೋಡು," ಎಂದು ಪೇಂಟರ್ ಸ್ಟೂಲಿನ ಮೇಲಿಂದಲೇ ಹೇಳಿದ. ಹೆಂಡತಿ ಕೆಳಗೆ ಸ್ಟೂಲು ಹಿಡಿದು ನಿಂತಿದ್ದಳು. ಊರಿನ ಅರ್ಧ ಮನೆಗಳಿಗೆ ಬಣ್ಣ ಹೊಡೆದವನದೇ ಬಾಡಿಗೆ ಮನೆ ಅವರು ಬಂದಾಗಿನಿಂದ ಬಣ್ಣ ಕಂಡಿರಲಿಲ್ಲ.

"ಇಷ್ಟು ವರ್ಷ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಆಗ ಕಿವಿ ಕೇಳಿಸ್ಲಿಲ್ಲ ನಿಮಗೆ," ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ಕಿವಿಯ ಮಾತನ್ನು ಆ ಮನೆಯಲ್ಲಿ ತಮಾಷೆಗೂ ಆಡುತ್ತಿರಲಿಲ್ಲ.

ಅವರ ಒಬ್ಬಳೇ ಮಗಳು ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಒಳಗೊಂದು ಯಂತ್ರ ಕೂರಿಸಿದರೆ ಕೇಳಿಸುತ್ತದೆ, ಮಾತೂ ಬರುತ್ತದೆ, ಆದರೆ ಆರು ತುಂಬುವುದರೊಳಗೆ ಆಗಬೇಕು, ಆಮೇಲೆ ಮಾತು ಕಲಿಯುವುದು ಬಹಳ ಕಷ್ಟ ಎಂದಿದ್ದರು ಡಾಕ್ಟರು. ಖರ್ಚಿನಲ್ಲಿ ಅರ್ಧವನ್ನು ಆಸ್ಪತ್ರೆಯೇ ಬಿಟ್ಟುಕೊಡುತ್ತದೆ, ಉಳಿದದ್ದಕ್ಕೆ ಊರಿನ ಸೇವಾ ಕ್ಲಬ್ಬನ್ನು ಕೇಳಿ ಎಂದದ್ದೂ ಅವರೇ. ಪುಟ್ಟಿಗೆ ಈಗ ಐದೂವರೆ. ಅರ್ಜಿ ಕೊಟ್ಟಾಗಿತ್ತು, ನಾಳೆ ಕ್ಲಬ್ಬಿನವರು ಮನೆಗೆ ಬರುವವರಿದ್ದರು.

ಕ್ಲಬ್ಬಿನವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಭಾನುವಾರಗಳಂದು ಪ್ಯಾಂಟು ಮಡಚಿಕೊಂಡು ಊರವರ ಕಾರು ತೊಳೆದು ದುಡ್ಡು ಎತ್ತುತ್ತಿದ್ದರು. ಹಳೆ ಬಟ್ಟೆ, ಹಳೆ ಪಾತ್ರೆ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದರು. ವರ್ಷಕ್ಕೊಂದು ಸಂಗೀತ ಸಂಜೆ ಇಟ್ಟು ಟಿಕೆಟ್ ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದರು. ಅವರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯವರಿಗೆಲ್ಲ ಒಳಗೆ ಅರ್ಜೆಂಟ್ ಕೆಲಸ ಬರುತ್ತಿತ್ತು. ಇಷ್ಟು ಬೆವರು ಸುರಿಸಿ ಕೂಡಿಸಿದ್ದು ಉಳ್ಳವರ ಪಾಲಾಗಬಾರದಲ್ಲ? ಅದಕ್ಕೇ ಇಬ್ಬರು ಸದಸ್ಯರು ಮನೆಗೆ ಹೋಗಿ ಕಣ್ಣಾರೆ ನೋಡಿ ಬರುವ ಪದ್ಧತಿ. ನೋಡಲು ಬಂದಿದ್ದೇವೆ ಎಂದು ಮಾತ್ರ ಹೇಳುವಂತಿಲ್ಲ, ಬಡವರ ಮನಸ್ಸು ನೋಯುತ್ತದೆ. "ಸುಮ್ನೆ ಮಾತಾಡಿಸಿಕೊಂಡು ಹೋಗ್ತೀವಿ" ಎನ್ನಬೇಕು. ಫೋನಿನಲ್ಲಿ ಅವರು ಅಂದದ್ದೂ ಅಷ್ಟೇ.

ದೊಡ್ಡವರು ಮಾತಾಡಿಸಲು ಬರುತ್ತಾರೆಂದರೆ ಮನೆ ಮನೆಯಂತಿರಬೇಡವೇ? ಯಾರದೋ ಬಂಗಲೆಯಲ್ಲಿ ಮಿಕ್ಕ ಬಣ್ಣವನ್ನು ಪೇಂಟರ್ ಕೇಳಿ ತಂದ. ಪಕ್ಕದ ಮನೆಯ ಟೈಲರ್ ಅಕ್ಕ ತನ್ನ ಮೆತ್ತನೆ ಕುರ್ಚಿ ಎರಡು, ನಿಲ್ಲಿಸುವ ಫ್ಯಾನು, ಗಾಜಿನ ಲೋಟ, ಎಲ್ಲ ಹೊರಿಸಿ ಕಳಿಸಿದಳು. ಗಿರಾಕಿಗಳು ಬಿಟ್ಟುಹೋದ ವೆಲ್ವೆಟ್ ತುಂಡುಗಳನ್ನು ಸೇರಿಸಿ ಪುಟ್ಟಿಗೊಂದು ಫ್ರಾಕನ್ನೂ ಹೊಲಿದಳು.

"ನಾಚಿಕೆ ಪಟ್ಕೋಬೇಡ ಕಣೇ," ಎಂದಳು ಅಕ್ಕ. "ಮಗೂಗೆ ಕಿವಿ ಬಂದ ದಿನ ನೋಡು, ನನ್ನ ಮಷೀನಿನ ಗಲಾಟೆ ಅಂತ ಮೊದಲು ಬೈಯೋಳು ಅವಳೇ. ಬೈಸ್ಕೋತೀನಿ."

ಬಂದವರಲ್ಲಿ ಒಬ್ಬರು ಕ್ಲಬ್ಬಿನ ಕಾರ್ಯದರ್ಶಿ, ಮೆಡಿಕಲ್ ಸ್ಟೋರಿನ ಮಾಲೀಕರು. ಇನ್ನೊಬ್ಬರು ನಿವೃತ್ತ ಹೆಡ್ ಮೇಡಂ. ಫ್ಯಾನಿನ ಗಾಳಿಗೆ ಕೂತು ತಣ್ಣನೆ ಜ್ಯೂಸ್ ಕುಡಿದರು. ಪುಟ್ಟಿ ಮೇಡಂ ಅವರ ಕೈಗಡಿಯಾರ ಮುಟ್ಟಿ ನೋಡಿ ನಕ್ಕಳು. ಮೇಡಂ ಗೋಡೆಯ ಮೇಲೆ ಕೈಯಾಡಿಸಿ, "ಎಷ್ಟು ನುಣ್ಣಗಿದೆ, ಒಳ್ಳೆ ಪೇಂಟೇ ಇರಬೇಕು," ಎಂದರು.

"ಎಲ್ಲಕ್ಕಿಂತ ದುಬಾರಿದು ಮೇಡಂ. ನೀರು ಹಾಕಿ ಉಜ್ಜಿದ್ರೂ ಹೋಗಲ್ಲ," ಎಂದ ಪೇಂಟರ್. ತನ್ನ ಕೆಲಸವನ್ನು ಯಾರಾದರೂ ಮುಟ್ಟಿ ಹೊಗಳಿದರೆ ಅವನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ.

"ಕೆಲಸ ಎಲ್ಲ ಹೇಗೆ ನಡೀತಿದೆ?" ಎಂದು ಕಾರ್ಯದರ್ಶಿ ಮೆಲ್ಲಗೆ ಕೇಳಿದರು.

"ನಿಮ್ಮ ದಯೆಯಿಂದ ಏನೂ ಕೊರತೆ ಇಲ್ಲ ಸಾರ್."

ಹೆಂಡತಿಗೆ ಆಗ ಗಂಡನ ಬಗ್ಗೆ ಹೆಮ್ಮೆಯೇ ಆಯಿತು. ಅತಿಥಿಗಳನ್ನು ಬೀದಿಯ ತನಕ ಬಿಟ್ಟು ಬಂದು, ಎಲ್ಲ ಚೆನ್ನಾಗಿ ಆಯಿತಲ್ಲ ಎಂದು ಇಬ್ಬರೂ ಉಳಿದ ಜ್ಯೂಸನ್ನು ಹಂಚಿಕೊಂಡು ಕುಡಿದರು.

ವಾರಗಳು ಕಳೆದರೂ ಸುದ್ದಿಯಿಲ್ಲ. ಕೊನೆಗೆ ಅವಳೇ ಮೆಡಿಕಲ್ ಸ್ಟೋರಿಗೆ ಹೋದಳು. ಗಿರಾಕಿಗಳು ಕರಗುವ ತನಕ ಕಾರ್ಯದರ್ಶಿ ಅವಳ ಕಡೆ ನೋಡಲಿಲ್ಲ.

"ಈ ಸಲ ನಿಮ್ಮದು ಆಗ್ಲಿಲ್ಲಮ್ಮ. ರಾಶಿ ಅರ್ಜಿ ಬಂದಿತ್ತು, ಇರೋ ದುಡ್ಡು ಮೂರು ಜನಕ್ಕೆ ಸಾಲೋಷ್ಟು. ತೀರಾ ಕಷ್ಟದಲ್ಲಿರೋರಿಗೆ ಮೊದಲು ಅಂತ ಮೀಟಿಂಗಲ್ಲಿ ಎಲ್ಲರೂ ಕೈ ಎತ್ತಿದ್ರು. ನಿಮ್ಮದು ಹೇಗೋ ನಡೀತಿದೆಯಲ್ಲ."

"ಏನು ನಡೀತಿದೆ ಸಾರ್?"

ಅವರು ಸಂಕೋಚಪಡುತ್ತ ಕುರ್ಚಿ, ಫ್ಯಾನು, ಗೋಡೆ ಎಂದರು.

"ಕುರ್ಚಿ, ಫ್ಯಾನು ಪಕ್ಕದ ಮನೆ ಅಕ್ಕಂದು. ಬಣ್ಣ ಯಾರದೋ ಮನೇಲಿ ಮಿಕ್ಕಿದ್ದು. ನಿಮಗೋಸ್ಕರ ಹೊಡೆದದ್ದು ಸಾರ್."

"ಮತ್ತೆ ಏನೂ ಕೊರತೆ ಇಲ್ಲ ಅಂದ್ರಲ್ಲ ನಿಮ್ಮ ಯಜಮಾನ್ರು?"

"ಮನೆಗೆ ಬಂದೋರ ಮುಂದೆ ಇನ್ನೇನು ಅಂತಾರೆ?"

ಕಾರ್ಯದರ್ಶಿಯ ಮನೆಗೆ ಯಾರಾದರೂ ಬಂದಿದ್ದರೆ ಅವರೂ ಅದನ್ನೇ ಅನ್ನುತ್ತಿದ್ದರು. ಅವಳೆದುರೇ ಅಧ್ಯಕ್ಷರಿಗೆ ಫೋನು ಮಾಡಿದರು, ತಪ್ಪು ನಮ್ಮದೂ ಇದೆ ಎಂದು ಎರಡೆರಡು ಸಲ ಹೇಳಿದರು. ಆ ಕಡೆಯ ಧ್ವನಿ ಅವಳಿಗೂ ಕೇಳಿಸುತ್ತಿತ್ತು. "ಆ ಮೂವರಿಗೂ ಹೇಳಿ ಆಗಿದೆಯಲ್ರೀ. ಈಗ ಯಾರನ್ನ ಬಿಡಲಿ? ನೀವೇ ಹೇಳಿ, ಬಿಡ್ತೀನಿ."

ಯಾರನ್ನಾದರೂ ಬಿಡಲಿ ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿಯೇಬಿಟ್ಟಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

"ಮುಂದಿನ ವರ್ಷ ಖಂಡಿತ," ಎಂದು ಕಾರ್ಯದರ್ಶಿ ಫೋನು ಕೆಳಗಿಟ್ಟರು.

"ಮುಂದಿನ ವರ್ಷಕ್ಕೆ ಅವಳಿಗೆ ಆರು ದಾಟಿರುತ್ತೆ ಸಾರ್."

ಅವರು ಡ್ರಾಯರ್ ತೆಗೆದು ಸಂಗೀತ ಸಂಜೆಯ ಪಾಸುಗಳನ್ನು ಅವಳ ಕೈಗಿಟ್ಟರು. "ಆವತ್ತು ಮುಖ್ಯ ಅತಿಥಿಗಳು ಬರ್ತಾರೆ. ಮನಸ್ಸು ಮಾಡಿದ್ರೆ ಅವರಿಗೆ ಇಷ್ಟು ದುಡ್ಡು ಲೆಕ್ಕಕ್ಕೇ ಇಲ್ಲ. ಮಗೂನ ಕರ್ಕೊಂಡು ಬನ್ನಿ, ನಾನೇ ಭೇಟಿ ಮಾಡಿಸ್ತೀನಿ."

ಪೇಂಟರ್ ವಿಷಯ ಕೇಳಿ ತಲೆಯ ಮೇಲೆ ಕೈಹೊತ್ತು ಕೂತ. "ನನ್ನ ನಾಲಿಗೆಗೆ ಬೆಂಕಿ ಬೀಳ," ಎಂದ. ಅವಳು ಅವನನ್ನು ಬೈಯಲಿಲ್ಲ. ಸಕ್ಕರೆ ಸಾಲದೇನೋ ಎಂದು ಜ್ಯೂಸಿಗೆ ಇನ್ನೊಂದು ಚಮಚ ಹಾಕಿದವಳು ಅವಳೇ ಅಲ್ಲವೇ?

ಸಂಗೀತ ಸಂಜೆಯ ದಿನ ಏನು ಉಟ್ಟುಕೊಂಡು ಹೋಗುವುದೆಂದು ತಿಳಿಯದೆ ಅವಳು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತಳು. ಒಳ್ಳೆಯದು ಉಟ್ಟರೆ ಇವರಿಗೇನು ಕಷ್ಟ ಎನ್ನುತ್ತಾರೆ, ಹಳೆಯದು ಉಟ್ಟರೆ ಬಾಗಿಲಲ್ಲೇ ತಡೆಯುತ್ತಾರೆ. ಹೊತ್ತಾಯಿತು ಎಂದು ಗಂಡ ಕೂಗಿದಾಗ ಕೈಗೆ ಸಿಕ್ಕಿದ್ದನ್ನು ಉಟ್ಟು ಹೊರಟಳು.

ಸಭಾಂಗಣ ತುಂಬಿತ್ತು. ಕಾರ್ಯದರ್ಶಿ ಅವರನ್ನು ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂರಿಸಿ, "ಚೆಕ್ ಕೊಡೋದು ಮುಗೀಲಿ, ಕರೀತೀನಿ," ಎಂದು ಹೇಳಿಹೋದರು. ಮುಖ್ಯ ಅತಿಥಿಗಳು ರಟ್ಟಿನ ದೊಡ್ಡ ಚೆಕ್ಕಿನ ಒಂದು ತುದಿ ಹಿಡಿದು ಮೊದಲ ಫೋಟೋ ತೆಗೆಸಿಕೊಂಡರು. ಎರಡನೆಯದಕ್ಕೂ ನಿಂತರು. ಅಷ್ಟರಲ್ಲಿ ಯಾರೋ ಬಂದು ಕಿವಿಯಲ್ಲಿ ಏನೋ ಹೇಳಿದರು. ಅವರು ಸಭೆಗೆ ಕೈಮುಗಿದು ಪಕ್ಕದ ಬಾಗಿಲಿನಿಂದ ಹೊರಟೇಹೋದರು. ಕಾರ್ಯದರ್ಶಿ ಹಿಂದೆಯೇ ಓಡಿದರು. ಹೊರಗೆ ಕಾರು ಹೊರಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿ ಒಬ್ಬರೇ ಬಾಗಿಲಲ್ಲಿ ಕಾಣಿಸಿಕೊಂಡು, ದೂರದಿಂದಲೇ ಪೇಂಟರನತ್ತ ನೋಡಿ ತಲೆಯಲ್ಲಾಡಿಸಿದರು. ಹೆಂಡತಿ ಗಂಡನ ಮುಖ ನೋಡಿದಳು.

ವೇದಿಕೆಯ ಮೇಲೆ ಮೂರನೆಯವನ ಸರದಿ. ಕ್ಲಬ್ಬು ಕೊಡಿಸಿದ ಕೃತಕ ಕಾಲು ಹಾಕಿಕೊಂಡ ಯುವಕ ಯಾರ ಆಸರೆಯೂ ಇಲ್ಲದೆ ಈ ತುದಿಯಿಂದ ಆ ತುದಿಗೆ ನಡೆದ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪುಟ್ಟಿಯೂ ಕುರ್ಚಿ ಹತ್ತಿ ನಿಂತು, ಅವನ ಮೇಲಿಂದ ಕಣ್ಣು ಕೀಳದೆ ತಟ್ಟಿದಳು.

ಚಪ್ಪಾಳೆ ನಿಂತಿತು. ಜನ ಕೂತರು. ಅಧ್ಯಕ್ಷರು ಮೈಕಿನ ಮುಂದೆ ಬಂದರು. ನಿಶ್ಶಬ್ದವಾದ ಸಭಾಂಗಣದಲ್ಲಿ ಪುಟ್ಟಿ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು. ಮುಂದಿನ ಸಾಲುಗಳವರು ಹಿಂತಿರುಗಿ ನೋಡಿದರು. ಪೇಂಟರ್ ಅವಳ ಕೈ ಹಿಡಿಯಲು ಹೋದವನು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತಾಯಿ ತಲೆ ತಗ್ಗಿಸಿ ಕೂತಳು. ವೇದಿಕೆಯ ಮೇಲಿನ ಯುವಕ ಪುಟ್ಟಿಯತ್ತ ನೋಡಿ ನಕ್ಕು ಕೈ ಬೀಸಿದ. ಪುಟ್ಟಿ ಇನ್ನಷ್ಟು ಜೋರಾಗಿ ತಟ್ಟತೊಡಗಿದಳು.