ಬಾಣಂತಿಯ ಪರವಾಗಿ

ದುಂಡಸಿಯ ದಾನವ್ವನ ಮನೆಯಲ್ಲಿ ನಿದ್ದೆ ಮಾಡುತ್ತಿದ್ದದ್ದು ಕೂಸು ಒಂದೇ. ಹಡೆದವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಡೆದವಳನ್ನು ಹಡೆದವಳಿಗೆ ಕಣ್ಣು ಮುಚ್ಚುವ ಧೈರ್ಯವಿರಲಿಲ್ಲ.

ಮಗಳು ಪೂಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಗಿತ್ತು. ಗಂಡು ಕೂಸೆಂದು ಚಿಕ್ಕೇರೂರಿನ ಬೀಗರು ಊರಿಗೆಲ್ಲ ಸಕ್ಕರೆ ಹಂಚಿದ್ದರು. ಎಣ್ಣೆ-ನೀರು, ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ಹೊತ್ತಿಗೆ ಸರಿಯಾಗಿ ಅಳವಿ ಪಾಯಸ, ಯಾವುದಕ್ಕೂ ದಾನವ್ವ ಕಡಿಮೆ ಮಾಡಿರಲಿಲ್ಲ. ಮೈಗೆ ಗಾಳಿ ಸೋಕಬಾರದೆಂದು ಮನೆಯ ಕಿಂಡಿಗಳನ್ನೆಲ್ಲ ಮುಚ್ಚಿದ್ದಳು. ಮನಸ್ಸಿಗೆ ಎಲ್ಲಿಂದ ಗಾಳಿ ಹೊಕ್ಕಿತೋ, ಪೂಜಾ ಗೋಡೆ ನೋಡುತ್ತ ಕೂಡತೊಡಗಿದಳು. ಕೂಸು ಅತ್ತರೆ, “ಅದಕ್ಕ ನಾ ಬ್ಯಾಡಂತ, ನೋಡವಾ” ಅನ್ನುತ್ತಿದ್ದಳು.

ಆ ಮಂಗಳವಾರ ಬೆಳಗ್ಗೆ ದಾನವ್ವ ಹಿತ್ತಲಿಗೆ ಬಂದರೆ, ಪೂಜಾ ಕೂಸನ್ನೆತ್ತಿಕೊಂಡು ನೀರಿನ ಟಾಕಿಯ ಅಂಚಿಗೆ ನಿಂತಿದ್ದಳು.

“ಏನ್ ಮಾಡಾಕತ್ತೀಯವ್ವಾ ಅಲ್ಲಿ?”

“ನೋಡಾಕತ್ತೇನಿ.”

“ಏನು?”

“ಎಷ್ಟ್ ಆಳ ಐತಿ ಅಂತ.”

ದಾನವ್ವ ಕೂಸನ್ನು ಕಸಿದುಕೊಂಡಳು. ಅಳಲಿಕ್ಕೂ ಪುರುಸೊತ್ತಿರಲಿಲ್ಲ.

ಇಂಥದ್ದಕ್ಕೆ ದೊಡ್ಡ ದವಾಖಾನೆ ಇರುವುದು ಧಾರವಾಡದಲ್ಲಿ ಎಂದು ಎಲ್ಲರಿಗೂ ಗೊತ್ತು. ಆದರೆ ಧಾರವಾಡಕ್ಕೆ ಹೋಗಿ ಬಂದೆ ಎಂದರೆ ಜನ ಫೇಡೆ ಎಲ್ಲಿ ಎಂದು ಕೇಳುತ್ತಾರೆ. ಧಾರವಾಡಕ್ಕೆ ಕರಕೊಂಡು ಹೋದರು ಎಂದರೆ ಏನೂ ಕೇಳುವುದಿಲ್ಲ, ಎದ್ದು ಹೋಗುತ್ತಾರೆ. ಬೀಗರ ಕಿವಿಗೆ ಬಿದ್ದರೆ ಕೂಸಿಗಷ್ಟೇ ತೊಟ್ಟಿಲು ಬಂದೀತು, ತಾಯಿಯನ್ನು ಕರೆದೊಯ್ಯಲು ಗಾಡಿ ಬರಲಿಕ್ಕಿಲ್ಲ. ಹಾಗಾಗಿ ದಾನವ್ವನಿಗೆ ನೆನಪಾದದ್ದು ಶಿಗ್ಗಾಂವಿಯ ‘ಮಾತೃಮನ’ ಕೇಂದ್ರ, ಬಾಣಂತಿಯರ ಮನಸ್ಸು ವಿಚಾರಿಸುವ ಸರಕಾರಿ ಯೋಜನೆಯದು. ಅಲ್ಲಿಯ ಶಬನಮ ಅಕ್ಕಾರು ಒಮ್ಮೆ ಮನೆಗೂ ಬಂದು ಹೋಗಿದ್ದರು.

ಶಬನಮ ಆಪ್ತಸಮಾಲೋಚಕಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕು ತಾಲೂಕಿಗೆ ಒಬ್ಬಳೇ. ವಾರದಲ್ಲಿ ಹೆಚ್ಚಿನ ಹೊತ್ತು ಬಸ್ಸಿನಲ್ಲೇ ಕಳೆಯುವುದರಿಂದ ಆಪ್ತರಾದವರು ಕಂಡಕ್ಟರುಗಳು ಮಾತ್ರ. ಅವಳು ಮನೆಗೆ ಬಂದಾಗ ಪೂಜಾ ಒಳಕೋಣೆಯಲ್ಲಿದ್ದಳು. ಬಾಣಂತಿ ಪರಸ್ಥರ ಮುಂದೆ ಬಾಯಿ ಬಿಡಬಾರದು, ಬಾಯಿಗೆ ಗಾಳಿ ಹೊಗುತ್ತದೆ. ಅವಳ ಪರವಾಗಿ ಹಿರಿಯರೇ ಮಾತಾಡಬೇಕು. ಈ ಸೀಮೆಯ ರಿವಾಜು ಅದು.

“ನಿದ್ದಿ ಬರ್ತೈತೇನ್ರಿ ಆಕೀಗೆ?” ಎಂದು ಶಬನಮ ಬಾಗಿಲ ಕಡೆ ನೋಡಿ ಕೇಳಿದ್ದಳು.

“ಗಡದ್ ಮಕ್ಕೋತಾಳ್ರಿ” ಎಂದು ದಾನವ್ವ ಪಡಸಾಲೆಯಿಂದ ಹೇಳಿದ್ದಳು. ಪಕ್ಕದಲ್ಲಿ ಓಣಿಯ ಹೆಂಗಸರು ಕೂತಿದ್ದರು. ಬೇರೇನು ಹೇಳಿಯಾಳು?

“ಸುಮ್ ಸುಮ್ನ ಅಳು ಬರ್ತೈತೇನ್ರಿ?”

“ನಮ್ ಮನ್ಯಾಗ ಅಳಾವ್ರ ಯಾರೂ ಇಲ್ರಿ.”

ನಾಲ್ಕೂ ತಾಲೂಕಿನ ಬಾಣಂತಿಯರ ಮನಸ್ಸು ಹೇಗಿದೆಯೆಂದು ಸರಕಾರ ಹೀಗೆ ಅವರ ಅವ್ವಂದಿರನ್ನೂ ಅತ್ತೆಯಂದಿರನ್ನೂ ಕೇಳಿ ತಿಳಿದುಕೊಂಡಿತ್ತು. ಉತ್ತರ ಎಲ್ಲ ಕಡೆ ಒಂದೇ: ಆರಾಮ. ಇಷ್ಟೊಂದು ಆರಾಮ ಕಂಡು ಬೆಂಗಳೂರಿಗೇ ಆರಾಮ ತಪ್ಪಿ, ಯೋಜನೆಯ ಮೌಲ್ಯಮಾಪನಕ್ಕೆ ಒಂದು ತಂಡವನ್ನು ಕಳಿಸಿತ್ತು. ಅದು ಬಂದದ್ದು ಅದೇ ಮಂಗಳವಾರ.

ಮಗಳ ತಲೆಗೆ ಸ್ಕಾರ್ಫು ಬಿಗಿದು, ಕೂಸನ್ನು ತಾನೇ ಎತ್ತಿಕೊಂಡು ದಾನವ್ವ ಶಿಗ್ಗಾಂವಿಗೆ ಬಂದಿಳಿದಾಗ ಕೇಂದ್ರದ ಮುಂದೆ ಹಂದರ, ರಂಗೋಲಿ, ‘ತಾಯಿ ನಕ್ಕರೆ ನಾಡು ನಕ್ಕಂತೆ’ ಎಂಬ ಬ್ಯಾನರು. ಯಾರೂ ನಗುತ್ತಿರಲಿಲ್ಲ. ಮೇಲ್ವಿಚಾರಕ ಕರಿಬಸಪ್ಪ ಮೊಬೈಲು ಹಿಡಿದು ಬೆವರುತ್ತಿದ್ದ. ತಂಡಕ್ಕೆ ತೋರಿಸಲು ಆಡೂರಿನಿಂದ ಒಬ್ಬ ಫಲಾನುಭವಿ ಬರಬೇಕಿತ್ತು. ಇವತ್ತು ಅಮಾವಾಸ್ಯೆ, ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎಂದು ಅವಳ ಅತ್ತೆ ಫೋನಿನಲ್ಲೇ ಬಾಗಿಲು ಹಾಕಿದ್ದಳು.

ದಾನವ್ವನಿಗೂ ಅಮಾವಾಸ್ಯೆ ಗೊತ್ತಿತ್ತು. ಗೊತ್ತಿದ್ದೇ ದಾಟಿ ಬಂದಿದ್ದಳು.

“ಅಕ್ಕಾರ, ನನ್ ಮಗಳ್ನ ಈಗಿಂದೀಗ ನೋಡ್ರಿ” ಎಂದು ಅವಳು ಶಬನಮಳ ಕೈ ಹಿಡಿದಳು. “ಟಾಕಿ ದಂಡಿಗೆ ನಿಂತಿದ್ಲ್ರಿ, ಕೂಸ್ ಎತ್ತಿಕೊಂಡು.”

ಶಬನಮ ಪೂಜಾಳನ್ನು ಹಂದರದ ನೆರಳಿಗೆ ಕರೆದಳು. “ಇಂಥಾದ್ದಕ್ಕ ಡಾಕ್ಟರ್ ಬೇಕ್ರಿ ಅವ್ವಾರ. ನನ್ ಕೈಯಾಗ ಗುಳಿಗಿ ಇಲ್ಲ, ಬರೇ ಮಾತೈತಿ. ಬೆಂಗಳೂರಿಂದ ಸುಜಾತಾ ಮೇಡಮ್ ಬಂದಾರ. ಮನಸ್ಸಿನ ಡಾಕ್ಟರು. ಅವ್ರಿಗೆ ತೋರ್ಸೂಣು.”

ಕರಿಬಸಪ್ಪ ನಡುವೆ ಬಂದ. ಅವನ ಕಣ್ಣು ಕೂಸಿನ ಮೇಲೆ, ಸ್ಕಾರ್ಫಿನ ಮೇಲೆ ಹರಿದಾಡಿತು. ಬಾಣಂತಿ ಸಿಕ್ಕಳು!

“ತೋರಸ್ತೇನಬೇ, ನಾನ ಖುದ್ದ್ ತೋರಸ್ತೇನಿ. ಮೊದ್ಲ ನಂದೊಂದ್ ಕೆಲ್ಸ ಆಗ್ಲಿ. ನಿನ್ ಮಗಳು ಆ ಖುರ್ಚಿ ಮ್ಯಾಲ ಕುಂದ್ರಲಿ. ಮೊದ್ಲ ಬ್ಯಾಸರ ಇತ್ತು, ಇಲ್ಲಿಗೆ ಬಂದ್ ಮ್ಯಾಲ ಆರಾಮ ಆತು ಅಂತ ಹೇಳ್ರಿ. ಅಷ್ಟ. ಅದು ಮುಗದ್ ಕೂಡ್ಲೆ ಮೇಡಮ್ಮಾರ ಮುಂದ ಇವಳ್ದ ಮೊದಲ ಪಾಳಿ.”

“ಸಾರ್, ಇದು ಛಲೋ ಅಲ್ರಿ” ಎಂದಳು ಶಬನಮ.

“ಸುಮ್ನಿರವಾ ತಂಗಿ. ಬಾಣಂತಿ ಇಲ್ಲಂದ್ರ ಯೋಜನಾ ಮುಚ್ಚತಾರ. ಆಮ್ಯಾಲ ನೀ ಎಲ್ಲಿ, ನಾ ಎಲ್ಲಿ?”

ದಾನವ್ವ ಲೆಕ್ಕ ಹಾಕಿದಳು. ಒಂದು ಸುಳ್ಳು ಹೇಳಿದರೆ ಒಬ್ಬ ಡಾಕ್ಟರು. ಓಣಿಯ ಹೆಂಗಸರ ಮುಂದೆ ಪುಕ್ಕಟೆ ಹೇಳಿದ ಸುಳ್ಳೇ ಅಲ್ಲವೇ ಇದು? ಹೂಂ ಅಂದಳು. ಫಲಾನುಭವಿ ಎಂಬ ಶಬ್ದದಲ್ಲಿ ಫಲ ಯಾರದು, ಅನುಭವ ಯಾರದು ಎಂದು ಯೋಚಿಸುವ ತ್ರಾಣ ಅವಳಿಗಿರಲಿಲ್ಲ. ಯಾರೋ ಪೂಜಾಳ ಮುಡಿಗೆ ಮಲ್ಲಿಗೆ ಸಿಕ್ಕಿಸಿದರು. ಯಾರೋ ಕೂಸನ್ನು ತಂದು ಅವಳ ತೊಡೆಯ ಮೇಲಿಟ್ಟರು. ಕೂಸಿನ ಮೇಲೆ ಕೈ ಆಡಿಸದೆ ಪೂಜಾ ಎರಡೂ ಕೈಗಳನ್ನು ಖುರ್ಚಿಗೆ ಅಂಟಿಸಿಕೊಂಡು ಕೂತಳು.

ಡಾಕ್ಟರು ಸುಜಾತಾ ಒಳ್ಳೆಯ ಹೆಂಗಸೇ. ದನಿ ಮೆತ್ತಗಿತ್ತು. “ನಿದ್ದೆ ಹೇಗೆ ಬರ್ತಿದೆಯಮ್ಮ?” ಎಂದು ಪೂಜಾಳನ್ನೇ ಕೇಳಿದರು.

ಪೂಜಾಳ ತುಟಿ ಅಲುಗಿತು.

“ಛಲೋ ಬರ್ತೈತ್ರಿ!” ಎಂದಳು ದಾನವ್ವ.

“ಮಗು ಜೊತೆ ಇದ್ದಾಗ ಏನನ್ನಿಸತ್ತೆ?”

“ಕೂಸಂದ್ರ ಜೀವರಿ ಆಕೀಗೆ.”

“ಅವರೇ ಹೇಳ್ಲಿ...”

“ಬಾಣಂತಿ ಹೆಚ್ಚಿಗಿ ಮಾತಾಡಬಾರದ್ರಿ ಮೇಡಮ್” ಎಂದು ಕರಿಬಸಪ್ಪ ಕೈ ಮುಗಿದ. “ನಮ್ ಕಡೆ ಪದ್ಧತಿ.”

ಪದ್ಧತಿ ಎಂದ ಮೇಲೆ ಮುಗಿಯಿತು. ಬೆಂಗಳೂರಿನವರು ಬಡತನವನ್ನು ಪ್ರಶ್ನಿಸಿಯಾರು, ಪದ್ಧತಿಯನ್ನು ಪ್ರಶ್ನಿಸುವುದಿಲ್ಲ. ಫೋಟೊ ತೆಗೆದರು, ಚಪ್ಪಾಳೆ ಹೊಡೆದರು. ತಂಡ ಎದ್ದು ಊಟಕ್ಕೆ ಹಿಂದಿನ ಕೋಣೆಗೆ ಹೋಯಿತು. ಊಟವಾದೊಡನೆ ಹಾನಗಲ್ಲಿಗೆ ಹೊರಡಬೇಕಿತ್ತು. ಶಬನಮಳನ್ನು ಬಡಿಸಲು ಕಳಿಸಿದರು.

“ಸಾಹೇಬ್ರ, ಪಾಳಿ?” ಎಂದು ದಾನವ್ವ ಕರಿಬಸಪ್ಪನ ಹಿಂದೆ ಓಡಿದಳು.

“ಉಣ್ಣೂ ಮುಂದ ಹೆಂಗಬೇ ಹೇಳೂದು? ಮುಂದಿನ ಮಂಗಳವಾರ ಬಾ, ಶಬನಮ ಇರ್ತಾಳ.”

ಮುಂದಿನ ಮಂಗಳವಾರ! ದಾನವ್ವನಿಗೆ ಮುಂದಿನ ಸಂಜೆಯೇ ಕಾಣುತ್ತಿರಲಿಲ್ಲ. ಅವನನ್ನು ಮೊಣಕೈಯಿಂದ ಸರಿಸಿ ಊಟದ ಕೋಣೆಗೆ ನುಗ್ಗಿದಳು. ಹೋಳಿಗೆಗೆ ತುಪ್ಪ ಬೀಳುತ್ತಿತ್ತು.

“ಡಾಕ್ಟರ್ ಬಾಯಾರ, ನಾ ಹೇಳಿದ್ದೆಲ್ಲಾ ಖೊಟ್ಟಿ. ನನ್ ಮಗಳು ಮಕ್ಕೊಂಡಿಲ್ಲ. ಕೂಸಿಗೆ ತಾ ಬ್ಯಾಡ ಅಂತಾಳ. ಮುಂಜಾನೆ ಟಾಕಿ ಆಳ ನೋಡಾಕತ್ತಿದ್ಲ್ರಿ!”

ಕರಿಬಸಪ್ಪ ನಕ್ಕ. “ಮೇಡಮ್, ಅಜ್ಜೀಗೂ ಸ್ವಲ್ಪ ನಮ್ ಯೋಜನಾ ಬೇಕಾಗೇತಿ ನೋಡ್ರಿ.”

ಸುಜಾತಾ ನಗಲಿಲ್ಲ. ಗೊಂದಲದಲ್ಲಿ ಕೇಳಿದರು: “ಆಗ ಆರಾಮ ಅಂದ್ರಿ, ಈಗ ಹೀಗೆ ಹೇಳ್ತಿದ್ದೀರಿ. ನಾನು ಯಾವುದನ್ನ ಬರ್ಕೊಳ್ಳಲಿ?”

“ಯಾವ್ದೂ ಬರೀಬ್ಯಾಡ್ರಿ. ಬಂದ್ ನೋಡ್ರಿ!”

ಸುಜಾತಾ ಕೈ ತೊಳೆಯದೆ ಎದ್ದರು. ಮುಂದಿನ ಕೋಣೆಗೆ ಬಂದರೆ ಖುರ್ಚಿಯ ಮೇಲೆ ಕೂಸು ಒಂದೇ ಇತ್ತು, ಬೀಳದ ಹಾಗೆ ಸ್ಕಾರ್ಫಿನಿಂದ ಬಿಗಿದು ಕಟ್ಟಿತ್ತು. ಪೂಜಾ ಇರಲಿಲ್ಲ.

ದಾನವ್ವನ ಬಾಯಿಂದ ಬಂದದ್ದು ಮಾತಲ್ಲ. ಅವಳು ಬೀದಿಗೆ ಓಡಿದಳು, ಹಿಂದೆ ಓಡಿದಳು, ಹಂದರದ ಗೂಟಕ್ಕೆ ಎಡವಿ ಬಿದ್ದಳು. ಬಸ್‌ಸ್ಟ್ಯಾಂಡಿನ ಕಡೆಯಿಂದ ಯಾವುದೋ ಲಾರಿಯ ಹಾರ್ನು ಕೇಳಿ ಎದ್ದು ಆ ಕಡೆ ತಿರುಗಿದಳು.

“ಇಲ್ಲಿ ಅದಾಳ್ರೀ!” ಎಂದು ಶಬನಮ ಕೂಗಿದಳು.

ಪೂಜಾ ಕೇಂದ್ರದ ಕಂಪೌಂಡಿನ ಆಚೆ, ರಸ್ತೆಗೆ ಮುಖ ಮಾಡಿ, ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಸುಜಾತಾ ರೇಷ್ಮೆ ಸೀರೆಯಲ್ಲೇ ಅವಳ ಪಕ್ಕದಲ್ಲಿ, ಮಣ್ಣಿನಲ್ಲಿ ಕೂತರು.

“ಮಗುವನ್ನ ಯಾಕೆ ಬಿಟ್ಟು ಬಂದ್ರಿ?”

ದಾನವ್ವ ಬಾಯಿ ತೆರೆದಳು. ಶಬನಮ ಅವಳ ಭುಜ ಒತ್ತಿದಳು. ಉತ್ತರ ಕೊಡುವುದಕ್ಕಿಂತ ಉತ್ತರಕ್ಕೆ ಕಾಯುವುದು ಇಷ್ಟು ಕಷ್ಟ ಎಂದು ದಾನವ್ವನಿಗೆ ತಿಳಿದದ್ದು ಆಗಲೇ.

“ನನ್ ಹಂತ್ಯಾಕ ಇದ್ರ ಅದು ಉಳಿಯೂದಿಲ್ರಿ” ಎಂದಳು ಪೂಜಾ. ದನಿ ತುಕ್ಕು ಹಿಡಿದಂತಿತ್ತು. “ಒಂದ್ ದನಿ ಹೇಳತೈತ್ರಿ, ಅದನ್ನ ನೀರಿಗೆ ಹಾಕು, ನೀನೂ ಹೋಗು ಅಂತ. ಅವ್ವಗ ಹೇಳಬೇಕಂತ ಮಾಡಿದ್ದೆ. ಅವ್ವ ಎಲ್ಲಾರಿಗೂ ಆರಾಮ ಅದಾಳ ಅಂತ ಹೇಳಾಕತ್ತಿದ್ಲು. ಹಂಗಾರ ನಾ ಆರಾಮ ಇರಬೇಕು ಅಂತ ತಿಳಕೊಂಡೆ.”

ದಾನವ್ವ ಮಗಳ ಕಾಲ ಬುಡಕ್ಕೆ ಬಂದು ಕೂತಳು.

ಸುಜಾತಾ ಎದ್ದು ನಿಂತರು. “ಇವರನ್ನ ಈಗಲೇ ಧಾರವಾಡಕ್ಕೆ ಕರ್ಕೊಂಡು ಹೋಗ್ಬೇಕು. ಒಂದು ನಿಮಿಷ ಒಬ್ಬರೇ ಬಿಡಬಾರದು. ಅಂಬುಲೆನ್ಸ್ ಎಲ್ಲಿ?”

“ಹಾನಗಲ್ಲದಾಗ ಐತ್ರಿ” ಎಂದ ಕರಿಬಸಪ್ಪ. “ನಿಮಗ ತೋರ್ಸಾಕ ತೊಳದ್ ನಿಲ್ಲಸ್ಯಾರ.”

ಸುಜಾತಾ ತಮ್ಮದೇ ಗಾಡಿಯ ಬಾಗಿಲು ತೆಗೆಸಿದರು. ಮುಂದಿನ ಗಾಜಿಗೆ ‘ಮೌಲ್ಯಮಾಪನ ತಂಡ’ ಎಂದು ಅಂಟಿಸಿತ್ತು. ತಂಡದ ಉಳಿದವರು ಕೈಯಲ್ಲಿ ಬಾಳೆಹಣ್ಣು ಹಿಡಿದು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

“ಮೇಡಮ್, ಹಾನಗಲ್ಲದಾಗ ಹಾರ ಹಿಡದ್ ನಿಂತಾರ್ರಿ...”

“ನಿಂತಿರ್ಲಿ.”

ದಾನವ್ವನ ಫೋನು ಗುಣುಗುಟ್ಟಿತು. ಚಿಕ್ಕೇರೂರಿನಿಂದ ಅಳಿಯ ಶರಣು. ಅವಳು ತೆಗೆದಳು.

“ಅತ್ತೀ, ಹೆಂಗದಾರ ಇಬ್ರೂ? ಆರಾಮ?”

“ಇಲ್ಲಪ್ಪಾ” ಎಂದಳು ದಾನವ್ವ. “ಧಾರವಾಡಕ್ಕ ಕರಕೊಂಡ್ ಹೊಂಟೇನಿ.”

ಫೋನು ಕಟ್ಟಾಯಿತೋ, ಅವನೇ ಕಟ್ಟು ಮಾಡಿದನೋ, ಅವಳು ಮತ್ತೆ ಹಚ್ಚಿ ನೋಡಲಿಲ್ಲ.

ಗಾಡಿಯೊಳಗೆ ಪೂಜಾ ಕಿಟಕಿಗೆ ಅಂಟಿ ಕೂತಳು. ಶಬನಮ ಕೂಸನ್ನೆತ್ತಿಕೊಂಡು ಹತ್ತಲು ಬಂದಾಗ, “ನನ್ ಬಾಜೂಕ ಬ್ಯಾಡ್ರಿ, ದೂರ ಕುಂದ್ರಿಸ್ರಿ” ಎಂದು ಚೀರಿದಳು. ದಾನವ್ವ ನಡುವೆ ಕೂತಳು. ಹುಬ್ಬಳ್ಳಿ ರಸ್ತೆ ಹಿಡಿದ ಮೇಲೆ ಗಾಡಿ ಜೋರಾಯಿತು. ಒಂದು ಕೈಯಲ್ಲಿ ಕೂಸಿನ ಕಾಲು, ಇನ್ನೊಂದು ಕೈಯಲ್ಲಿ ಮಗಳ ಮಣಿಕಟ್ಟು. ಯಾವುದನ್ನು ಹೆಚ್ಚು ಬಿಗಿಯಾಗಿ ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ.