ಕೆರೆಯ ಕಟ್ಟಳೆ ರಂಗವೇರಿದ್ದು

ಒಂದೂರಿನಲ್ಲಿ ಕಾನೂನನ್ನು ಆಡಿ ತೋರಿಸುತ್ತಿದ್ದರು. ದೊರೆ ಹೊಸ ಕಟ್ಟಳೆ ತರಬೇಕೆಂದರೆ ಮೊದಲು ಅದನ್ನು ಜನರೆದುರು ನಾಟಕ ಮಾಡಿಸಬೇಕು. ರಂಗದ ಮೇಲೆ ಏನು ನಡೆಯಿತೋ ಮರುದಿನದಿಂದ ಊರಲ್ಲೂ ಅದೇ ನಡೆಯಬೇಕು. ಪರದೆ ಬಿದ್ದ ಮೇಲೆ ದೊರೆಯೂ ತಿದ್ದುವಂತಿರಲಿಲ್ಲ.

ಆ ದೊರೆಗೋ ವೇಷ ಕಟ್ಟುವ ಹುಚ್ಚು. ಸಿಂಹಾಸನದಲ್ಲಿ ಕೂತವನಿಗೆ ಜನ ಕೈ ಮುಗಿಯುತ್ತಾರೆ, ಸರಿ; ಚಪ್ಪಾಳೆ ತಟ್ಟುತ್ತಾರೆಯೇ? ಅದೇ ಅವನ ಕೊರಗು.

ಒಂದು ಬೇಸಿಗೆಯಲ್ಲಿ ಅರಮನೆಯ ಹೂದೋಟ ಬಾಡಿತು. ಕೆರೆಯ ನೀರು ತೋಟಕ್ಕೇ ಇರಲಿ, ಇನ್ನು ಮೇಲೆ ಕೆಳಗೇರಿಯವರು ಅದನ್ನು ತುಂಬಕೂಡದೆಂದು ಕಟ್ಟಳೆಯಾಗಲಿ ಎಂದ ದೊರೆ. ಕೆಳಗೇರಿಯ ಬಾವಿ ಆಗಲೇ ಬತ್ತಿತ್ತು. ಕೆರೆಯೂ ತಪ್ಪಿದರೆ ಅವರು ಗಂಟುಮೂಟೆ ಕಟ್ಟಿ ಊರು ಬಿಡಬೇಕಿತ್ತು.

“ಕೆರೆ ಕಾಯುವ ಕಾವಲುಗಾರನ ಪಾತ್ರ ನನಗೇ ಇರಲಿ” ಎಂದ ದೊರೆ. ನೀರಿಗೆ ಬಂದು ಬೈಸಿಕೊಳ್ಳುವ ಪಾತ್ರಕ್ಕೆ ಮೇಳದ ಹೆಂಗಸರು ಯಾರೂ ಒಪ್ಪಲಿಲ್ಲ. ಮಂತ್ರಿ ಕೆಳಗೇರಿಯ ಕೆಂಚಮ್ಮನನ್ನೇ ಕರೆತಂದ. “ನಿನಗೆ ಮಾತಿಲ್ಲ. ಕೊಡ ಹಿಡಿದು ಬಾ, ಬೈಸಿಕೊಂಡು ಹೋಗು, ಅಷ್ಟೇ” ಎಂದ.

ಕೆಂಚಮ್ಮ ರಂಗಕ್ಕೆ ಬಂದಳು. ದೊರೆ ದೊಣ್ಣೆ ಅಡ್ಡ ಹಿಡಿದು, “ನಡಿಯೇ ಆಚೆ!” ಎಂದು ಗುಡುಗಿದ. ಸಭೆ ಗಪ್‌ಚಿಪ್. ಯಾರೋ ಕೆಮ್ಮಿದರು. ಇನ್ನೂ ಜೋರಾಗಿ ಗುಡುಗಿದ. ಅಯ್ಯೋ ಪಾಪ, ಆಗಲೂ ಒಂದು ಚಪ್ಪಾಳೆಯಿಲ್ಲ!

ಕೆಂಚಮ್ಮನಿಗೆ ತಡೆಯಲಾಗಲಿಲ್ಲ. “ಬುದ್ಧಿ, ಮೊಮ್ಮಗಳು ಜ್ವರದಲ್ಲಿ ಮಲಗವ್ಳೆ. ತುಟಿ ಒದ್ದೆ ಮಾಡಾಕೂ ನೀರಿಲ್ಲ” ಎಂದುಬಿಟ್ಟಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರ ಕಣ್ಣೂ ಅವಳ ಮೇಲೆಯೇ.

ದೊರೆಗೆ ಹೊಟ್ಟೆ ಉರಿಯಿತು. ದೊಣ್ಣೆ ಎಸೆದ. ಅವಳ ಕೊಡ ಕಿತ್ತುಕೊಂಡು, ಕೆರೆಯೆಂದು ರಂಗದ ಮೇಲಿಟ್ಟಿದ್ದ ಹಂಡೆಯಿಂದ ತಾನೇ ತುಂಬಿ, “ತಗೋ ತಾಯಿ! ಕೆರೆಯಲ್ಲಿ ನೀರಿರೋವರೆಗೂ ನಿಮ್ಮ ಕೇರಿಯ ಕೊಡ ನಾನೇ ತುಂಬಿಕೊಡ್ತೀನಿ!” ಎಂದ.

ಚಪ್ಪಾಳೆಯೋ ಚಪ್ಪಾಳೆ! ದೊರೆ ಮೈಮರೆತು ಮತ್ತೆ ಮತ್ತೆ ಬಾಗಿದ. “ಪರದೆ ಬಿಡಬೇಡ್ರೋ!” ಎಂದು ಮಂತ್ರಿ ಬಡಕೊಳ್ಳುವಷ್ಟರಲ್ಲಿ ಪರದೆ ಬಿದ್ದಾಗಿತ್ತು.

ಮರುದಿನ ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ಕೆಳಗೇರಿಯ ಕೊಡಗಳ ಸಾಲು. ದೊರೆ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಕೆಂಚಮ್ಮನ ಕೊಡ ತುಂಬಿ ಕೊಟ್ಟವನು, ಅವಳ ಮುಖವನ್ನೇ ನೋಡುತ್ತ ಚಪ್ಪಾಳೆಗೆ ಕಾದವನಂತೆ ಹಾಗೇ ನಿಂತ. ಕೆಂಚಮ್ಮನ ಎರಡು ಕೈಯೂ ಕೊಡದ ಮೇಲಿದ್ದವು.

“ಬಿರ್‌ಬಿರ್ನೆ ಆಗ್ಲಿ ಬುದ್ಧಿ” ಎಂದಳು. “ಹಿಂದೆ ಜನ ಕಾಯ್ತಾವ್ರೆ.”